ಎಲುಬುಗಳ ನಡುವಿನ ಕಲ್ಲು

ಚಿತ್ತಾಪುರದಲ್ಲಿ ನನ್ನ ಪಕ್ಕದ ಮನೆಯ ವಕೀಲರು ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತ, "ಸಾಕ್ಷಿ ಭಾಳ ಗಟ್ಟಿ ಅದ" ಎಂದರೆ ಎದುರಿನವನ ಕಥೆ ಮುಗಿಯಿತೆಂದೇ ಅರ್ಥ. ನಾನೋ ಪತ್ರಿಕೆ ಓದಿ ಪಂಡಿತನಾದ ಶಾಲಾ ಮಾಸ್ತರ. ಅಮೆರಿಕದಲ್ಲಿ ಹಿಮಯುಗದ ಕಾಡುಕೋಣದ ಎಲುಬುಗಳ ನಡುವೆ ಕಲ್ಲಿನ ಈಟಿಮೊನೆ ಸಿಕ್ಕಿತ್ತಂತೆ. ಮನುಷ್ಯ ಅಲ್ಲಿಗೆ ಮೊದಲು ಹೋದದ್ದು ಯಾವಾಗ ಎಂದು ವಿದ್ವಾಂಸರು ಜಗಳವಾಡುತ್ತಿದ್ದರು. ಅದನ್ನು ಓದಿದ ವಾರವೇ ಹಿತ್ತಿಲ ಗೋಡೆಗೆ ಬುನಾದಿ ತೋಡುವಾಗ, ಯಾವುದೋ ದೊಡ್ಡ ಪ್ರಾಣಿಯ ಎಲುಬುಗಳ ನಡುವೆ ನನಗೂ ಒಂದು ಚೂಪು ಕಲ್ಲು ಸಿಕ್ಕಿತು! ಕೈ ಕೂಡ ತೊಳೆಯದೆ ವಕೀಲರಲ್ಲಿಗೆ ಓಡಿದೆ.

"ಅಮೆರಿಕಕ್ಕಿಂತ ಮೊದಲೇ ನಮ್ಮ ಚಿತ್ತಾಪುರದಾಗ ಮನುಷ್ಯ ಇದ್ದ, ವಕೀಲಸಾಬ್ರ. ಎಲುಬು, ಕಲ್ಲು ಎರಡೂ ಕೂಡೇ ಸಿಕ್ಕಾವ ನೋಡ್ರಿ!"

ಅವರು ಕಲ್ಲನ್ನು ತಿರುಗಿಸಿ ನೋಡಿ ಟೋಪಿ ತೆಗೆದರು.

"ಸಾಕ್ಷಿ ಭಾಳ ಗಟ್ಟಿ ಅದ, ಮಾಸ್ತರ್ರ. ನೀವು ಈ ಮನಿಗೆ ಬರೋಕಿಂತ ಮೊದಲ ನಮ್ಮ ಗಾಡಿ ಎತ್ತು ಸತ್ತಿತ್ತು. ಅದನ್ನ ಹೂಳಾಕ ನಿಮ್ಮ ಹಿತ್ತಲದಾಗ ತೋಡಿದ ಕುಣಿಯಾಗ ಇಳಿದಿದ್ದೆ. ಅವತ್ತಿನಿಂದ ನನ್ನ ಚಕಮಕಿ ಕಲ್ಲು ಹುಡುಕಲಿಕತ್ತೀನಿ."

ಒಳಗಿನಿಂದ ಉಕ್ಕಿನ ತುಂಡು, ಅರಳೆ ತಂದು ಒಂದೇಟು ಹೊಡೆದರು. ನನ್ನ ಹಿಮಯುಗಕ್ಕೆ ಬೆಂಕಿ ಹತ್ತಿಕೊಂಡಿತು.

"ಬೀಡಿ ಸೇದ್ತೀರೇನ್ರಿ?" ಎಂದರು.

ಸೇದಿದೆ.