ಬಿಲದ ಬಾಯಿಯ ಬಲೆ

ಗ್ಲೆನಬಾ ಜೇಡಕ್ಕೆ ಕೊಡುವ ಮರ್ಯಾದೆಯನ್ನು ನೆಂಟರಿಗೂ ಕೊಟ್ಟವಳಲ್ಲ. ಅಮೆರಿಕದ ಮರಳುಗಾಡಿನ ತನ್ನ ನವಾಹೊ ಬುಡಕಟ್ಟಿಗೆ ನೇಯ್ಗೆ ಕಲಿಸಿದ್ದೇ ಜೇಡವ್ವ ಎಂದು ನಂಬಿ, ಐವತ್ತು ವರ್ಷ ಕಂಬಳಿ ನೇಯ್ದವಳು. ಮೂಲೆಯಲ್ಲಿ ಬಲೆ ಕಂಡರೆ ಪೊರಕೆಯನ್ನೇ ಆಚೆ ತಿರುಗಿಸುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಹುಟ್ಟಿದ ಐರೀನ್ ಮಾತ್ರ ಆಸ್ಪತ್ರೆಯ ನರ್ಸ್. ಬಾಣಂತನಕ್ಕೆ ಬಂದವಳು ಕೂಸನ್ನು ಮಲಗಿಸುವ ಮೊದಲು ಮನೆಯ ಬಲೆಗಳನ್ನೆಲ್ಲ ಒಂದೂ ಬಿಡದೆ ಗುಡಿಸಿಹಾಕಿದ್ದಳು.

ಈಗ ಬಲೆ ಬೇಕಾಯಿತು. ಹೆಣ್ಣು ಕೂಸಿನ ಅಂಗೈಗೆ ಜೇಡರ ಬಲೆ ತಿಕ್ಕಿದರೆ ಆ ಕೈಗೆ ನೇಯ್ಗೆ ಒಲಿಯುತ್ತದೆ. ಗ್ಲೆನಬಾಳ ಬೆರಳ ಗೆಣ್ಣು ಊದಿಕೊಂಡು ಮಗ್ಗ ನಿಂತು ವರ್ಷವಾಗಿತ್ತು. ಈ ಕೂಸನ್ನು ಬಿಟ್ಟರೆ ಮಗ್ಗಕ್ಕೆ ಬೇರೆ ದಿಕ್ಕಿರಲಿಲ್ಲ. ಹಿಮ ಬಿದ್ದರೆ ಮರಳುಗಾಡಿನ ಜೇಡಗಳು ಬಿಲದ ಬಾಯಿ ಮುಚ್ಚಿಕೊಂಡುಬಿಡುತ್ತವೆ. ಆಕಾಶ ಆಗಲೇ ಬೂದಿಬಣ್ಣಕ್ಕೆ ತಿರುಗಿತ್ತು.

ತಮ್ಮ ಹೋಸ್ಕಿ ಅವಳನ್ನು ಪಿಕಪ್ಪಿಗೆ ಹತ್ತಿಸಿಕೊಂಡು ಹೊರಟ.

"ಮನೇಲಿದ್ದೋರನ್ನ ಓಡ್ಸಿ, ಈಗ ಮರಳಲ್ಲಿ ಹುಡುಕ್ತೀಯಲ್ಲಕ್ಕ."

"ಓಡ್ಸಿದ್ದು ನಿನ್ನ ಮುದ್ದಿನ ನರ್ಸಮ್ಮ. ದಾರಿ ನೋಡ್ಕೊಂಡು ಓಡ್ಸು."

ಬಗ್ಗಿ ಬಗ್ಗಿ ಸೊಂಟ ಬಿದ್ದುಹೋದ ಮೇಲೆ, ಒಂದು ಪೊದೆಯ ಬುಡದಲ್ಲಿ ಬಿಲದ ಸುತ್ತ ಹರಡಿದ ಬಲೆ ಸಿಕ್ಕಿತು. ಗ್ಲೆನಬಾ ಮಂಡಿಯೂರಿ ಒಂದು ಚಿಟಿಕೆ ಮೆಕ್ಕೆಜೋಳದ ಪರಾಗ ಕಾಣಿಕೆಯಿಟ್ಟಳು. "ತಪ್ಪು ತಿಳ್ಕೋಬೇಡ ತಾಯಿ, ಅರ್ಧ ಸಾಕು."

"ನಾನು ಕುರಿ ಕೇಳ್ದಾಗ ಇಷ್ಟು ನಯವಾಗಿ ಮಾತಾಡಿರ್ಲಿಲ್ಲ ನೀನು," ಎಂದ ಹೋಸ್ಕಿ.

ಮನೆಯಲ್ಲಿ ಐರೀನ್ ಮುಖ ಸಿಂಡರಿಸಿದಳು. "ಆ ಕೊಳೇನ ಮಗು ಕೈಗಾ?"

"ನಿನ್ನ ಸಾಬೂನಿಗಿಂತ ಚೆನ್ನಾಗಿದೆ. ಮುಷ್ಟಿ ಬಿಡಿಸು."

ಐರೀನ್ ಗೊಣಗುತ್ತಲೇ ಬಿಡಿಸಿದಳು. ಗ್ಲೆನಬಾ ಪುಟ್ಟ ಅಂಗೈ ಎರಡಕ್ಕೂ ತಿಕ್ಕಿದಳು. ಕೂಸು ಆಕಳಿಸಿತು.

"ನನಗೂ ಹೀಗೆ ತಿಕ್ಕಿದ್ಯಾಮ್ಮ?"

"ನೀನು ಹುಟ್ಟಿದ್ದು ಜನವರೀಲಿ. ಹೊರಗೆ ಹಿಮ, ಆಗಿನ ಮನೇಲಿ ಒಲೆ ಹೊಗೆಗೆ ಜೇಡ ನಿಲ್ತಿರ್ಲಿಲ್ಲ, ಬಲೆ ಎಲ್ಲಿಂದ ತರ್ಲಿ? ಚಳಿ ಕಳೀಲಿ ಅಂದ್ಕೊಂಡೆ. ಅಷ್ಟರಲ್ಲಿ ಕುರಿ ಈಯೋ ಕಾಲ ಬಂತು." ಗ್ಲೆನಬಾ ಕೂಸಿನ ಮುಷ್ಟಿ ಮಡಿಚಿದಳು. "ಮರ್ತೇಬಿಟ್ಟೆ."

"ಮಗ್ಗದ ಮುಂದೆ ಕೂರಿಸಿ ದಡ್ಡಿ ಅಂತ ಎಷ್ಟು ಬೈದಿದ್ದೀಯ. ನನ್ನ ಕೈಯೇ ಸರಿಯಿಲ್ಲ ಅಂತ ಹೊರಗೆ ಹೋಗಿ ಅಳ್ತಿದ್ದೆ ನಾನು."

ಗ್ಲೆನಬಾಳಿಗೆ ನಾಚಿಕೆಯಾಯಿತು. ಹೋಸ್ಕಿ ಬಂದು ಪಕ್ಕದಲ್ಲಿ ಕೂತ. ಬಲೆ ಮುಗಿದಿತ್ತು, ಅವಳ ಊದಿದ ಬೆರಳ ಸಂದಿಯಲ್ಲಿ ನಾಲ್ಕೇ ಎಳೆ ಅಂಟಿಕೊಂಡಿದ್ದವು.

"ಕೈ ಕೊಡು."

"ನನಗೀಗ ಮೂವತ್ತೆಂಟಮ್ಮ."

"ಗೊತ್ತು. ಹೆತ್ತೋಳು ನಾನೇ."

ಐರೀನ್ ಕೂಸನ್ನು ಹೋಸ್ಕಿಯ ಮಡಿಲಿಗೆ ಹಾಕಿ, ಎರಡೂ ಅಂಗೈ ಚಾಚಿದಳು.