ದೊಡ್ಡವನಿಗೆ ಕಾಲು ಹಾಕುವ ನಿಯಮ

ಆ ಆಟದ ಹೆಸರು ತೆಗೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ತೊಂಬತ್ತರ ದಶಕದಲ್ಲಿ ನಾನು, ನನ್ನ ಗೆಳೆಯ ನಿಪ್ಪಾಣಿಯಲ್ಲಿ ಕಾಲೇಜು ಓದುತ್ತಿದ್ದೆವು. ಪುಣೆಯಲ್ಲಿದ್ದ ಅವನ ಅತ್ತೆಯ ಮಗ ಕೆಲವು ಜೆರಾಕ್ಸ್ ಹಾಳೆ ಕಳಿಸಿದ್ದ. ಒಬ್ಬ ಕಥೆ ಹೇಳಬೇಕು, ಉಳಿದವರು ಅದರೊಳಗೆ ಒಬ್ಬೊಬ್ಬ ವೀರನನ್ನು ಮಾಡಿಕೊಂಡು ಆಡಬೇಕು. ಹೊಡೆತ ಬಿತ್ತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಗೆಳೆಯನ ಮನೆ ಹತ್ತಿರದ ಬೋರಗಾಂವದಲ್ಲಿ, ಕರೆಂಟ್ ಮಗ್ಗದ ಶೆಡ್ಡಿನ ಮೇಲೆ. ಮಗ್ಗ ನಡೆದಾಗ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಕರೆಂಟ್ ಹೋದ ಮೇಲೆಯೇ ನಮ್ಮ ಆಟ.

ತನಗಿಂತ ದೊಡ್ಡವನನ್ನು ಕಾಲು ಹಾಕಿ ಬೀಳಿಸುವುದು ಆಗದ ಮಾತು ಅಂತ ಆ ಹಾಳೆಗಳಲ್ಲಿ ಇತ್ತು. ನಾವು ಒಪ್ಪಲಿಲ್ಲ. ಕುಸ್ತಿ ನೋಡಿ ಬೆಳೆದವರು ಹೇಗೆ ಒಪ್ಪಬೇಕು? ಗೆಳೆಯನ ಅಪ್ಪ ಹಿಂದೆ ಪೈಲ್ವಾನರಾಗಿದ್ದವರು. ಅವರನ್ನೇ ಕೇಳಿದೆವು.

"ನಿಂತಾಂವನ ಕಾಲಿಗೆ ಹೋಗಬ್ಯಾಡ್ರಪಾ. ಅಂವ ಮೈಮ್ಯಾಲ ಬರ್ಲಿ. ಹೆಜ್ಜಿ ಮುಂದ ಇಟ್ಟಾಗ ಎಷ್ಟ ದೊಡ್ಡಾಂವ ಇದ್ರೂ ಕಾಲ ಹಗರ ಇರತಾವ" ಅಂದರು.

ಗೆಳೆಯ ಅದನ್ನು ತನ್ನ ಕೈಯಾರೆ ನೋಟ್‌ಬುಕ್ಕಿನಲ್ಲಿ ಬರೆದ: ದೊಡ್ಡವನು ಮುಂದೆ ಬಂದು ಹೊಡೆತ ತಪ್ಪಿದರೆ, ಎರಡು ದಾಳದಲ್ಲಿ ಎಂಟು ಅಥವಾ ಹೆಚ್ಚು ಬಿದ್ದರೆ ಅವನು ನೆಲಕ್ಕೆ. ಒಮ್ಮೆ ನಾನು ಕಥೆ ಹೇಳುವಾಗ ಅವನ ವೀರ ಒಬ್ಬ ದೈತ್ಯನ ಕೈಯಲ್ಲಿ ಸಾಯುವುದರಲ್ಲಿದ್ದ. ಇದೇ ನಿಯಮ ಹಿಡಿದ, ಸರಿಯಾಗಿ ಎಂಟು ಬಿತ್ತು. ನಾನು ಮರುಮಾತಾಡದೆ ದೈತ್ಯನನ್ನು ಬೀಳಿಸಿದೆ. ಅವನು ಎದ್ದು ನನ್ನನ್ನು ತಬ್ಬಿಕೊಂಡ.

ಮುಂದೊಂದು ಬೇಸಿಗೆ ರಜೆಗೆ ಅತ್ತೆಯ ಮಗನೇ ಬಂದ, ಆ ಆಟದ ಅಸಲಿ ಪುಸ್ತಕ ಹಿಡಿದುಕೊಂಡು. ಅವತ್ತು ಕಥೆ ಗೆಳೆಯನದು. ಹೊಳೆ ದಾಟುವಲ್ಲಿ ದೈತ್ಯನೊಬ್ಬ ಅಡ್ಡ ನಿಂತಿದ್ದ. ಎರಡು ವರ್ಷ ಆಡಿಸಿದ ನನ್ನ ವೀರನಿಗೆ ಇನ್ನೊಂದು ಪೆಟ್ಟು ಬಿದ್ದರೆ ಮುಗಿಯಿತು. ದೈತ್ಯ ಹೆಜ್ಜೆ ಮುಂದಿಟ್ಟ, ಬೀಸಿದ, ತಪ್ಪಿತು. ನಾನು ಕಾಲು ಹಾಕಿದೆ. ಐದು, ನಾಲ್ಕು. ಒಂಬತ್ತು.

ಅತ್ತೆಯ ಮಗ ನಕ್ಕ. "ಹೇ ಕಾಯ್, ಏನಿದು? ಆನಿಗೆ ಇಲಿ ಕಾಲ ಹಾಕತೈತೇನು? ಪುಸ್ತಕದಾಗ ಇಂಥಾದ್ದ ಇಲ್ಲ."

ನಾನು ಗೆಳೆಯನ ಮುಖ ನೋಡಿದೆ. ನೋಟ್‌ಬುಕ್ ಅವನ ತೊಡೆಯ ಮೇಲೇ ಇತ್ತು. ಒಂದು ಹಾಳೆ ತಿರುವಿ ತೋರಿಸಿದ್ದರೆ ಸಾಕಿತ್ತು.

"ಇಂವ ಗಿಡ್ಡ ಅದಾನಲ್ಲ, ಬ್ಯಾಸರ ಮಾಡ್ಕೊಂಡಾನಂತ ಹಂಗ ಒಂದ ನಿಯಮ ಇಟ್ಟಿದ್ವಿ" ಅಂದ, ಅತ್ತೆಯ ಮಗನಿಗೆ.

ಹೌದು, ನಾನು ಐದಡಿಯೂ ಇಲ್ಲ. ಆದರೆ ಅಷ್ಟು ದಿನ ಆ ಮಾತು ನಮ್ಮಿಬ್ಬರ ನಡುವೆ ಬಂದಿರಲಿಲ್ಲ.

"ನಿನ್ನ ವೀರ ಉಳಿದದ್ದೂ ನನ್ನ ಬ್ಯಾಸರಕ್ಕನ?" ಅಂತ ಕೇಳಿದೆ.

ಗೆಳೆಯ ಆ ಒಂಬತ್ತನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ದೈತ್ಯನ ಸರದಿಯ ದಾಳ ಉರುಳಿಸಿದ, ನನ್ನ ವೀರ ಸತ್ತ. ಆಮೇಲೆ ನನ್ನ ಕಡೆ ನೋಡದೆ ಒಂದು ಖಾಲಿ ಹಾಳೆ ಸರಿಸಿದ.

"ಹೊಸಾಂವನ್ನ ಬರ್ಕೊಳ್ಳಲೇ," ಅಂದ. "ಈ ಸಲ ಎತ್ತರ ಇರಲಿ."