ನಿಚ್ಚಣಿಕೆ ಹಚ್ಚಿದ ಸೇತುವೆ

ನಾನು ನಿಂತದ್ದು ಸೇತುವೆಯ ಈಚೆ ದಂಡೆಯಲ್ಲಿ, ನಿಚ್ಚಣಿಕೆಯ ಬುಡದಲ್ಲಿ. ಎಡಗಾಲು ಒಂದು ಕರಿಕಲ್ಲಿನ ಮೇಲಿತ್ತು, ಬಲಗಾಲು ಹಳ್ಳದ ನೀರಿನಲ್ಲಿತ್ತು. ನೀರು ಮೀನಖಂಡದವರೆಗೆ ಬರುತ್ತಿತ್ತು. ಮಳೆಗಾಲದ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ದಾಟಿ ಹತ್ತು ನಿಮಿಷ, ಗಡಿಯಾರ ನೋಡಿಕೊಂಡಿದ್ದೆ. ಕಮಲಾಪುರದಿಂದ ಒಳದಾರಿ ಹಿಡಿದರೆ ಸಿಗುವ ಒಂದು ಸಣ್ಣ ಊರು ಅದು. ನಿಚ್ಚಣಿಕೆಯ ಐದನೆಯ ಮೆಟ್ಟಿಲಿಗೆ ಕಾಲಿಟ್ಟವರು ನಮ್ಮ ಶಾಸಕರು. ವಿರೋಧ ಪಕ್ಷದವರು, ಅರವತ್ತು ದಾಟಿದವರು, ಬಲ ಮೊಣಕಾಲಿನ ನೋವಿದ್ದವರು. ಬಿಳಿ ಧೋತರವನ್ನು ಮೇಲಕ್ಕೆತ್ತಿ ಕಟ್ಟಿದ್ದರು.

ಇಷ್ಟು ನಿಖರವಾಗಿ ಬರೆಯಲು ಕಾರಣವಿದೆ. ಇದಕ್ಕೆ ಮುಂಚೆ ನಾನು ಎಲ್ಲಿಯೂ ನಿಲ್ಲದೆ, ಏನನ್ನೂ ನೋಡದೆ, ನೋಡಿದ್ದೇನೆ ಎಂದು ಬರೆದುಬಿಟ್ಟಿದ್ದೆ.

ಕಲಬುರಗಿಯಲ್ಲಿ ಕಚೇರಿಗಳ ಎದುರಿನ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಜನ ಮುನ್ಷಿ ಎಂದು ಕರೆಯುತ್ತಾರೆ. ಮೊದಲು ಟೈಪ್‌ರೈಟರ್ ಇತ್ತು, ಈಗ ಲ್ಯಾಪ್‌ಟಾಪ್ ಇದೆ. ಅರ್ಜಿಯ ಕೊನೆಗೆ ನಾನು ಯಾವಾಗಲೂ ಒಂದು ಸಾಲು ಹಾಕುತ್ತಿದ್ದೆ: ‘ಸದರಿ ಸ್ಥಳಕ್ಕೆ ಹೋಗಿ ಕಣ್ಣಾರೆ ಕಂಡು ಬರೆಯಲಾಗಿದೆ.’ ಕೆಲಸ ಕಲಿಸಿದ ಉಸ್ತಾದರು ಹೇಳಿಕೊಟ್ಟ ಸಾಲು ಅದು. ಅದಿದ್ದರೆ ಅರ್ಜಿಗೆ ತೂಕ ಬರುತ್ತದೆ ಎನ್ನುತ್ತಿದ್ದರು. ಅವರೂ ಯಾವ ಸ್ಥಳಕ್ಕೂ ಹೋದವರಲ್ಲ. ನಾನು ಮೇಜು ಬಿಟ್ಟು ಏಳುತ್ತಿದ್ದದ್ದು ನಮಾಜಿಗೆ ಮತ್ತು ಚಹಾಕ್ಕೆ ಮಾತ್ರ.

ಆ ಊರಿನ ಮೂವರು ನನ್ನಲ್ಲಿಗೆ ಬಂದಿದ್ದರು. ಸೇತುವೆ ಮಂಜೂರಾದರೂ ತಾವಿನ್ನೂ ನೀರಿನಲ್ಲೇ ಹಳ್ಳ ದಾಟುತ್ತಿದ್ದೇವೆ ಎಂದರು. ನಾನು ‘ಸೇತುವೆ ಕಟ್ಟಿರುವುದಿಲ್ಲ’ ಎಂದು ಟೈಪ್ ಮಾಡಿದೆ. ಅವರು ಹಾಗೆ ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ಕೊನೆಯ ಸಾಲು ತಾನಾಗಿಯೇ ಬಿತ್ತು.

ಶಾಸಕರು ಊರಲ್ಲಿದ್ದಾಗ ನನ್ನ ಮೇಜಿಗೆ ಬಂದೇ ಬರುತ್ತಿದ್ದರು. ಜೇಬಿನಿಂದ ಹುರಿದ ಶೇಂಗಾ ತೆಗೆದು ಲ್ಯಾಪ್‌ಟಾಪಿನ ಪಕ್ಕದಲ್ಲಿ ಸುರಿಯುವರು. ಅದರ ಸಿಪ್ಪೆ ಕೀಲಿಗಳ ಸಂದಿಗೆ ಹೋಗಿ ಕೂರುತ್ತಿತ್ತು. “ಸರ್ಕಾರಕ್ಕ ಕೇಳಬೇಕಾದದ್ದೆಲ್ಲಾ ನಿಮ್ಮ ಟೇಬಲ್ ಮ್ಯಾಗ ಬಿದ್ದಿರ್ತದ ನೋಡ್ರಿ ಮುನ್ಷಿ” ಎಂದು ಅರ್ಜಿಗಳನ್ನು ಒಂದೊಂದಾಗಿ ಓದುವರು. ಈ ಅರ್ಜಿಯನ್ನೂ ಓದಿದರು.

“ನೀವು ಹೋಗಿ ನೋಡೀರಿ?”

“ಕೆಳಗ ಬರ್ದೀನಲ್ರೀ ಸಾಹೇಬ್ರ.”

ಅವರು ನಂಬಿದರು.

ಗುರುವಾರ ಜಗತ್ ಸರ್ಕಲ್ ಹತ್ತಿರದ ಚಹಾದಂಗಡಿಯ ಟಿವಿಯಲ್ಲಿ ಅಧಿವೇಶನ ನೋಡುತ್ತಿದ್ದೆ. ಕಟ್ಟದ ಸೇತುವೆಯ ದುಡ್ಡು ಎಲ್ಲಿಗೆ ಹೋಯಿತು ಎಂದು ನಮ್ಮ ಶಾಸಕರು ಕೇಳಿದರು. ಮಂತ್ರಿ ಎದ್ದು ಒಂದು ಫೋಟೋ ಎತ್ತಿ ಹಿಡಿದರು. ಸೇತುವೆ, ಹೊಸ ಬಣ್ಣದ ಕಟಾಂಜನ, ಎಲ್ಲವೂ ಅದರಲ್ಲಿತ್ತು. “ಮಾನ್ಯ ಸದಸ್ಯರು ಮೊದಲು ಕನ್ನಡಕ ಬದಲಿಸಲಿ” ಎಂದರು. ಸದನ ಮೇಜು ಕುಟ್ಟಿ ನಕ್ಕಿತು. ನಮ್ಮವರು ಕೈಯಲ್ಲಿದ್ದ ಕಾಗದವನ್ನೊಮ್ಮೆ ನೋಡಿ ಕುಳಿತರು. ಯಾವ ಸಾಲನ್ನು ನೋಡಿದರೆಂದು ನನಗೆ ಗೊತ್ತು. ಚಹಾ ಹಾಗೆಯೇ ಬಿಟ್ಟು ಮನೆಗೆ ಹೋದೆ.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, “ದೇಖೇಚ್ ನೈ, ಔರ್ ದೇಖ್ಯಾ ಬೋಲ್ಕೆ ಲಿಖ್ ದಿಯೇ?” ಎಂದಳು. ನೋಡಿಯೇ ಇಲ್ಲ, ನೋಡಿದೆ ಅಂತ ಬರೆದುಕೊಟ್ಟಿರಾ? ಇಪ್ಪತ್ತೈದು ವರ್ಷದಲ್ಲಿ ಅವಳು ನನ್ನ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

ಶನಿವಾರ ಬೆಳಗಿನ ರೈಲಿಗೆ ಶಾಸಕರು ಬಂದರು. ನೇರ ನನ್ನ ಮೇಜಿಗೆ ಬಂದು ಕುಳಿತು ಶೇಂಗಾ ಸುರಿದರು.

“ನಾ ನೋಡಿಲ್ರೀ ಸಾಹೇಬ್ರ,” ಎಂದೆ.

“ಫೋಟೋ ನೋಡಿದಾಗೇ ಗೊತ್ತಾತು.” ಒಂದು ಶೇಂಗಾ ಒಡೆದರು. “ಸೋಮವಾರ ಎದ್ದು ನಿಂತು ಮಾಫಿ ಕೇಳಬೇಕು, ಇಲ್ಲಾ ಮತ್ತೊಂದು ಸಲ ಪ್ರಶ್ನೆ ಕೇಳಬೇಕು. ಬರೇ ಮಾಫಿ ಕೇಳಿ ಕುಂತ್ರ, ಮುಂದ ನಾ ಎದ್ದಾಗೆಲ್ಲಾ ಕನ್ನಡಕ ಕನ್ನಡಕ ಅಂತ ಕೂಗ್ತಾರ. ಯಾರ ಅರ್ಜಿ ಹಿಡ್ಕೊಂಡು ನಿಂತ್ರೂ ಅಷ್ಟೇ. ನಾಳಿ ಹೋಗಿ ನೋಡೋಣ ನಡೀರಿ.”

ಮರುದಿನ ಜೀಪಿನಲ್ಲಿ ಹೊರಟೆವು. ಅವರ ಚಾಲಕ ಬಹಳ ಹಳೆಯ ಮನುಷ್ಯ, ಯಾರನ್ನೂ ಬಿಡುವವನಲ್ಲ. ಊರು ದಾಟುವಾಗಲೇ, “ಮುನ್ಷಿ ಸಾಹೇಬ್ರ, ಇವತ್ತರೆ ಕಣ್ಣು ತಂದೀರಿಲ್ಲೋ, ಮನ್ಯಾಗ ಬಿಟ್ಟು ಬಂದೀರೋ?” ಎಂದ. ಶಾಸಕರು ಅವನ ಭುಜಕ್ಕೆ ಒಂದು ಏಟು ಕೊಟ್ಟು ಸುಮ್ಮನಿರಿಸಿದರು. ಕಮಲಾಪುರದಲ್ಲಿ ಜೀಪು ನಿಲ್ಲಿಸಿ ಕೆಂಪು ಬಾಳೆಹಣ್ಣು ಕೊಂಡರು, ಮೊದಲನೆಯದನ್ನು ಸುಲಿದು ನನ್ನ ಕೈಗೆ ಕೊಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತೆ.

ಸೇತುವೆ ಇತ್ತು. ಅದನ್ನು ಮೊದಲು ಹೇಳಬೇಕು. ಕಂಬಗಳು ಗಟ್ಟಿಯಾಗಿದ್ದವು, ಕಟಾಂಜನದ ಬಣ್ಣ ಹೊಸದಾಗಿತ್ತು. ಆದರೆ ಅದಕ್ಕೆ ಹತ್ತುವ ದಾರಿ ಇರಲಿಲ್ಲ. ರಸ್ತೆ ಬಂದು ಹಳ್ಳಕ್ಕೆ ಇಳಿಯುತ್ತಿತ್ತು. ಅದರ ಪಕ್ಕದಲ್ಲಿ, ನನ್ನ ತಲೆಗಿಂತ ಒಂದು ಮೊಳ ಎತ್ತರದಲ್ಲಿ, ಎರಡೂ ತುದಿಗಳನ್ನು ಗಾಳಿಗೆ ಚಾಚಿಕೊಂಡು ಸೇತುವೆ ನಿಂತಿತ್ತು. ಆಚೆ ತುದಿಗೆ ಊರವರು ಕಲ್ಲು ಪೇರಿಸಿಕೊಂಡಿದ್ದರು. ಈಚೆ ತುದಿಗೆ ಎಂಟು ಮೆಟ್ಟಿಲಿನ ಒಂದು ಕಟ್ಟಿಗೆಯ ನಿಚ್ಚಣಿಕೆ ಒರಗಿಸಿದ್ದರು.

ಶಾಸಕರು ಅದಕ್ಕೆ ಕೈ ಹಚ್ಚಿದ್ದೇ ತಡ, ದಂಡೆಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿ ಕೂಗಿದಳು: “ಏ ಯಪ್ಪಾ, ಹಗೂರಕ ಏರು! ಅದು ನಮ್ಮ ಮನಿ ನಿಚ್ಚಣಕಿ.”

“ಇಲ್ಲಿ ಯಾಕ ತಂದಿ ಯವ್ವಾ?” ಎಂದರು ಶಾಸಕರು.

“ನಾ ಎಲ್ಲಿ ತಂದೀನಿ? ಸಾಲಿ ಹುಡುಗ್ರು ದಾಟ್ಲಿ ಅಂತ ಊರವ್ರು ಒಯ್ದಾರ. ಮನಿ ಮಾಳಿಗಿ ಸೋರ್ಲಾಕತ್ತದ. ಮ್ಯಾಲ ಮಣ್ಣು ಹಾಕಸ್ಬೇಕಂದ್ರ ನನ್ನ ನಿಚ್ಚಣಕಿ ಸರ್ಕಾರದ ಚಾಕರಿಗಿ ಬಂದದ. ನೀ ಸರ್ಕಾರದಾಂವೇನು?”

“ಅಲ್ಲವ್ವಾ. ಸರ್ಕಾರಕ್ಕ ಕೇಳಾಂವ.”

“ಹಂಗಾದ್ರ ನನ್ನ ನಿಚ್ಚಣಕಿ ಯಾವಾಗ ಕೊಡ್ತಾರ ಕೇಳು.”

ಶಾಸಕರು ನಗುತ್ತ ಹತ್ತತೊಡಗಿದರು. ಬೇಡವೆಂದೆ, ಕೇಳಲಿಲ್ಲ. ಹಳ್ಳದ ಕಡೆಯ ಬದಿಯನ್ನು ನಾನು ಹಿಡಿದೆ, ಇನ್ನೊಂದು ಬದಿಯನ್ನು ಚಾಲಕ ಹಿಡಿದ.

ಐದನೆಯ ಮೆಟ್ಟಿಲು ಲಟಕ್ಕನೆ ಮುರಿಯಿತು. ಅವರ ಬಲಗಾಲು ಜಾರಿ ನನ್ನ ಎಡಭುಜದ ಮೇಲೆ ಬಂದು ನಿಂತಿತು. ನಿಚ್ಚಣಿಕೆ ಹಳ್ಳದ ಕಡೆಗೆ ಒಂದು ಗೇಣು ವಾಲಿತು. ಕೆಳಗೆ ಕೆಂಪು ನೀರು ಜೋರಾಗಿ ಹರಿಯುತ್ತಿತ್ತು. ಚಾಲಕ ತನ್ನ ಬದಿಯನ್ನು ಎರಡೂ ಕೈಯಿಂದ ಎಳೆದು ಹಿಡಿದ.

“ಮುನ್ಷಿ, ಕೆಳಗ ಇದ್ದೀರಿಲ್ಲೋ?”

“ಇದ್ದೀನ್ರೀ.”

“ಈಗ ಕಣ್ಣಾರೆ ಕಾಣ್ಲಾಕತ್ತದೇನು?”

ಆ ಸ್ಥಿತಿಯಲ್ಲಿ ಹಾಗೆ ಕೇಳಿದರು. ಅಜ್ಜಿಯೇ ಮೊದಲು ನಕ್ಕಳು. ನಾನು ಭುಜ ಒತ್ತಿ ಎತ್ತಿದೆ, ಅವರು ಕಟಾಂಜನ ಹಿಡಿದು ಮೇಲೆ ಹೋದರು. ಆಮೇಲೆ ನನ್ನನ್ನೂ ಹತ್ತಿಸಿಕೊಂಡರು. ಫೋಟೋ ತೆಗೆದವರು ಎಲ್ಲಿ ನಿಂತಿದ್ದರೆಂದು ಮೇಲೆ ಹೋದ ಮೇಲೆ ತಿಳಿಯಿತು. ಅಲ್ಲಿ ನಿಂತರೆ ಕಾಣುವುದು ಕಟಾಂಜನ, ಸಿಮೆಂಟಿನ ನೆಲ, ಆಕಾಶ ಮಾತ್ರ. ಫೋಟೋ ಸುಳ್ಳಾಗಿರಲಿಲ್ಲ. ಎರಡು ತುದಿಗಳನ್ನು ಬಿಟ್ಟಿತ್ತು.

ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಕೈಬರಹದಲ್ಲಿ ಹೊಸ ಅರ್ಜಿ ಬರೆದೆ. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಹಳೆಯ ಸಾಲನ್ನು ಬಿಟ್ಟು, ನಾನು ಎಲ್ಲಿ ನಿಂತಿದ್ದೆ, ಎಷ್ಟು ಗಂಟೆಗೆ ಎಂಬುದನ್ನು ಬರೆದೆ. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಿದೆ: ‘ಹಿಂದಿನ ಅರ್ಜಿಯನ್ನು ಸ್ಥಳ ನೋಡದೆ ಬರೆದವನು ನಾನು. ತಪ್ಪು ನನ್ನದು, ಶಾಸಕರದಲ್ಲ.’ ಸಹಿ ಮಾಡಿದೆ.

ಅವರು ಓದಿದರು, ಪೆನ್ನು ಇಸಿದುಕೊಂಡು ಆ ಎರಡು ಸಾಲನ್ನು ಹೊಡೆದುಹಾಕಿದರು. “ಇದು ಸದನದಾಗ ಓದಿದ್ರ ನಾಳಿ ನಿಮ್ಮ ಟೇಬಲ್ಲಿಗಿ ಯಾರು ಬರ್ತಾರ? ಕೇಳ್ದಾಂವ ನಾ, ನೋಡದೇ ಕೇಳ್ದಾಂವನೂ ನಾ. ಬಾಳೆಹಣ್ಣು ತಿನ್ರಿ.”

ಸೋಮವಾರ ಅದೇ ಚಹಾದಂಗಡಿಯಲ್ಲಿ, ಟಿವಿಯ ಎದುರಿನ ಮೊದಲ ಬೆಂಚಿನಲ್ಲಿ ಕುಳಿತಿದ್ದೆ. ಅವರು ಎದ್ದಾಗ ಯಾರೋ “ಕನ್ನಡಕ!” ಎಂದು ಕೂಗಿದರು. ಅವರು ನಗು ನಿಲ್ಲುವವರೆಗೆ ಕಾದರು. “ಅಧ್ಯಕ್ಷರೇ, ಗುರುವಾರ ನಾನು ತಪ್ಪು ಹೇಳಿದೆ. ಸೇತುವೆ ಇದೆ. ನೋಡದೆ ಮಾತಾಡಿದ್ದೆ, ಕ್ಷಮೆ ಇರಲಿ. ನಿನ್ನೆ ಹೋಗಿ ಅದನ್ನು ಹತ್ತಿ ಬಂದೆ. ಹತ್ತಲು ಒಬ್ಬ ಮುದುಕಿಯ ಮನೆಯ ನಿಚ್ಚಣಿಕೆ ಬೇಕಾಯಿತು, ಯಾಕೆಂದರೆ ಅದಕ್ಕೆ ರಸ್ತೆ ಇಲ್ಲ. ಆಕೆಯ ಮನೆ ಸೋರುತ್ತಿದೆ. ನಿಚ್ಚಣಿಕೆ ಯಾವಾಗ ವಾಪಸು ಕೊಡುತ್ತೀರಿ ಎಂದು ಕೇಳಲು ಹೇಳಿದ್ದಾಳೆ. ಅದೇ ನನ್ನ ಪ್ರಶ್ನೆ.”

ಯಾರೂ ನಗಲಿಲ್ಲ. ಮಂತ್ರಿ ಕಾಗದಗಳನ್ನು ಆಚೀಚೆ ಮಾಡಿ, ವರದಿ ತರಿಸುತ್ತೇನೆ ಎಂದರು. ದಸರೆಗೆ ಮುಂಚೆ ಎರಡೂ ತುದಿಗೆ ಮಣ್ಣು ಬಿತ್ತು, ಮೇಲೆ ಜಲ್ಲಿ ಬಿತ್ತು. ಮುರಿದ ಮೆಟ್ಟಿಲನ್ನು ಶಾಸಕರೇ ಬಡಗಿಯಿಂದ ಹಾಕಿಸಿ, ನಿಚ್ಚಣಿಕೆಯ ಒಂದು ತುದಿಯನ್ನು ತಾವೇ ಹೊತ್ತು ಅಜ್ಜಿಯ ಮನೆಗೆ ಮುಟ್ಟಿಸಿದರು. ಇನ್ನೊಂದು ತುದಿ ನನ್ನ ಭುಜದ ಮೇಲಿತ್ತು, ಅದೇ ಎಡಭುಜ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗ ಮೊಬೈಲುಗಳಲ್ಲಿ ಓಡಾಡುವುದು ಗುರುವಾರದ ತುಣುಕು: ಫೋಟೋ, ಕನ್ನಡಕದ ಮಾತು, ನಗು, ಅವರು ಕುಳಿತದ್ದು. ಸೋಮವಾರದ್ದನ್ನು ಯಾರೂ ಕಳಿಸುವುದಿಲ್ಲ. ಮೊನ್ನೆ ಚಹಾದಂಗಡಿಯಲ್ಲಿ ಒಬ್ಬರು ಅದನ್ನು ನನಗೇ ತೋರಿಸಿ, “ಇದ್ದ ಬ್ರಿಜ್ ಇಲ್ಲಂದಿದ್ರು ನೋಡ್ರಿ ನಿಮ್ಮ ಸಾಹೇಬ್ರು” ಎಂದರು. ಆದ್ದರಿಂದ ಅವರು ಹೊಡೆದುಹಾಕಿದ ಎರಡು ಸಾಲನ್ನು ನಾನು ಮೇಲೆ ಮತ್ತೆ ಬರೆದಿದ್ದೇನೆ. ಈಗ ಹೊಡೆದುಹಾಕಲು ಅವರಿಲ್ಲ.

ನನ್ನ ಮಾತು ಸಾಲದಿದ್ದರೆ, ನೋಡಿದವರು ಇನ್ನೂ ಇಬ್ಬರು ಬದುಕಿದ್ದಾರೆ. ಚಾಲಕ ಕುಸನೂರಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಕೇಳಿದರೆ ಹೇಳುತ್ತಾನೆ, ಕೇಳದಿದ್ದರೂ ಹೇಳುತ್ತಾನೆ. ಅಜ್ಜಿ ಅದೇ ಮನೆಯಲ್ಲಿದ್ದಾಳೆ. ನಿಚ್ಚಣಿಕೆ ಆಕೆಯ ಹೊರಗೋಡೆಗೆ ಒರಗಿದೆ. ಕೆಳಗಿನಿಂದ ಐದನೆಯ ಮೆಟ್ಟಿಲಿನ ಕಟ್ಟಿಗೆ ಬೇರೆ.